ಹುರುಳಿ ಹಾಸಿದ ರಸ್ತೆ

ಬಿಂಡಿಗನವಿಲೆ
6-2-1996

ಚಲುವರಾಜು ಅವರಿಗೆ ಸಹನಳ ನಮಸ್ಕಾರ.

ನಮ್ಮಣ್ಣನ ಕಾಲಿಗೆ ರಾಡು ಹಾಕಿದ್ದಾರೆ. ನಿಮ್ಮವ್ವ "ಉಡ್ಗಿ ಕಾಲ್ಗುಣವೇ ಸರಿಯಿಲ್ಲ ಬುಡಿ" ಅಂದರಂತೆ.

ನಮ್ಮ ನಿಶ್ಚಿತಾರ್ಥ ಮುಗಿಸಿ, ಅಣ್ಣನನ್ನೂ ಕರೆದುಕೊಂಡು, ಹದಿನೆಂಟು ಬೈಕುಗಳಲ್ಲಿ ಹ್ಯಾಂಡಲಿಗೆ ಹ್ಯಾಂಡಲು ತಾಗಿಸಿಕೊಂಡು ಹೊರಟವರು ನೀವು. ಒಕ್ಕಣೆಗೆಂದು ರಸ್ತೆಯ ಮೇಲೆ ಹಾಸಿದ್ದ ಹುರುಳಿ ಮುಂದಿದ್ದ ನಿಮಗೆ ಕಂಡಿತು, ಪಕ್ಕಕ್ಕೆ ತಿರುಗಿಸಿಕೊಂಡಿರಿ. ಹಿಂದಿದ್ದವರಿಗೆ ಕಂಡದ್ದು ನಿಮ್ಮ ಬೆನ್ನು ಮಾತ್ರ. ಐದು ಬೈಕು ಜಾರಿ ಒಂದರ ಮೇಲೊಂದು ಬಿದ್ದವು, ಎಲ್ಲಕ್ಕೂ ಅಡಿಯಲ್ಲಿ ನಮ್ಮಣ್ಣ. ಕಿಕ್ಕೇರಿಯಲ್ಲಿ ಟೀಗೆ ನಿಲ್ಲಿಸುವವರೆಗೂ ನೀವು ಒಮ್ಮೆಯೂ ತಿರುಗಿ ನೋಡಲಿಲ್ಲ.

ಮದುವೆಗೆ ನಿಮ್ಮ ದಿಬ್ಬಣ ಬಸ್ಸಿನಲ್ಲೇ ಬರಬೇಕು. ಒಂದು ಬೈಕು ಕಂಡರೂ ನಾನು ಹಸೆಮಣೆ ಏರುವುದಿಲ್ಲ, ಅಪ್ಪ ಹೊಡೆದರೂ ಸರಿಯೇ.

ತಿರುಗಿ ನೋಡದವರ ಹಿಂದೆ ಏಳು ಹೆಜ್ಜೆ ಇಡಲು ಈ ಗುಣಗೆಟ್ಟ ಕಾಲೂ ಒಪ್ಪುವುದಿಲ್ಲ.

ಇತಿ,
ಸಹನ