ಕನ್ನಡಕದ ಹುಡುಗಿಯರಿಗೆ ಕೆಲಸವಿಲ್ಲ ಎಂಬ ನಿಯಮದ ಬಗ್ಗೆ

ಕಾರ್ಖಾನೆಗಳ ಇನ್ಸ್‌ಪೆಕ್ಟರ್ ಸಾಹೇಬರೇ,

ಹೊಸೂರಿನ ಒಂದು ಕಾರ್ಖಾನೆಯಲ್ಲಿ ಸಣ್ಣ ಬಿಡಿಭಾಗ ಜೋಡಿಸುವ ಕೆಲಸಕ್ಕೆ ಕನ್ನಡಕದ ಹುಡುಗಿಯರನ್ನು ತೆಗೆದುಕೊಳ್ಳುವುದಿಲ್ಲ. ಆ ನಿಯಮ ನನ್ನ ತಂಗಿ ಇಂದ್ರಮ್ಮನ ಎಡಗಣ್ಣು ತಿಂದಿದೆ. ಬಲಗಣ್ಣು ಉಳಿದಿದೆ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ಹತ್ತನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಅವಳು ಕನ್ನಡಕ ಬಚ್ಚಿಟ್ಟು, ಬೆಂಗಳೂರಿನಲ್ಲಿ ಕಣ್ಣೊಳಗೆ ಇಡುವ ಲೆನ್ಸ್ ಕೊಂಡು ಕಣ್ಣಿನ ಪರೀಕ್ಷೆ ಪಾಸಾದಳು. ಪರೀಕ್ಷಿಸಿದ ದೊರೆಗಳು ದಪ್ಪ ಕನ್ನಡಕದೊಳಗಿಂದಲೇ ಅವಳನ್ನು ನೋಡಿದರಂತೆ. ತಿರುಪುಮೊಳೆ ಕಾಣಲು ಗಾಜು ಬೇಡ, ಮನುಷ್ಯರನ್ನು ಕಾಣಲು ಬೇಕು, ಅಲ್ಲವೇ? ಮನೆಯಲ್ಲಿ ಕೇಳಿದ್ದಕ್ಕೆ ಪವರ್ ತಾನಾಗಿ ಇಳಿಯಿತು ಎಂದಳು. ತಲೆಗೆ ತಟ್ಟಿದ ಹರಳೆಣ್ಣೆಯ ಮಹಿಮೆ ಎಂದು ಅಮ್ಮ ಊರಿಗೆಲ್ಲ ಹೇಳಿಕೊಂಡು ಬಂದಳು.

ಬೆಳಗಿನ ಬಸ್ಸಿನಿಂದ ರಾತ್ರಿ ಮಲಗುವವರೆಗೂ ಲೆನ್ಸ್ ತೆಗೆಯುವಂತಿರಲಿಲ್ಲ. ಪಕ್ಕದ ಮನೆಯ ಲಕ್ಷ್ಮಣಪ್ಪ ಅದೇ ಕಾರ್ಖಾನೆಯವನು. ಗೊತ್ತಾದರೆ ಕೆಲಸ ಹೋಗುತ್ತಿತ್ತು. ಕಣ್ಣು ಕೆಂಪಗಾದಾಗ ಅಮ್ಮ ಉಷ್ಣವೆಂದು ಬಗೆದು, ಆ ಲಕ್ಷ್ಮಣಪ್ಪನ ಬಾಣಂತಿ ಹೆಂಡತಿಯನ್ನೇ ಕರೆತಂದಳು.

"ಕಣ್ ಬಿಡಮ್ಮಿ, ಎದೆಹಾಲ್ ಬಿದ್ರೆ ತಂಪಾಯ್ತದೆ," ಎಂದು ಅಮ್ಮ ಅವಳ ಗಲ್ಲ ಹಿಡಿದಳು.

ಒಳಗೆ ಲೆನ್ಸಿತ್ತು. ಹೇಳಲಾರದೆ ಇಂದ್ರಮ್ಮ ಮುಖವೆತ್ತಿ ಕಣ್ಣು ಬಿಟ್ಟಳು. ಹೀಗೇ ದಿನಗಳು ಕಳೆದವು. ಬೆಂಗಳೂರಿನ ಡಾಕ್ಟರು ಲೆನ್ಸ್ ತೆಗೆದಾಗ ಎಡಗಣ್ಣಿನ ಕರಿಗುಡ್ಡೆಯ ಮೇಲೆ ಹುಣ್ಣಾಗಿತ್ತು. ಅಂದಿನಿಂದ ಅಮ್ಮ ಮಗಳ ಮುಖದ ಹತ್ತಿರ ಕೈ ಚಾಚುವುದಿಲ್ಲ.

ಹುಣ್ಣು ಮಾಯ್ದು ಬಿಳಿ ಕಲೆ ಉಳಿದಿದೆ. ಆ ಕಣ್ಣಿನಲ್ಲಿ ಅವಳಿಗೆ ಪ್ರತಿಯೊಬ್ಬರ ಪಕ್ಕದಲ್ಲೂ ಮಂಜಿನಂಥ ಇನ್ನೊಬ್ಬರು ಕಾಣುತ್ತಾರೆ.

"ಅಣ್ಣಯ್ಯ, ನಿನ್ ಪಕ್ದಾಗೆ ಯಾರೋ ನಿಂತವ್ರೆ."

"ಯಾರೂ ಇಲ್ಲ ಕಣಮ್ಮಿ."

"ಇಲ್ಲ ಅಂತ ನಂಗೂ ಗೊತ್ತು. ಆದ್ರೂ ಅವ್ರೇ ಮೊದ್ಲು ಕಾಣ್ತಾರೆ."

ಈಗೀಗ ಬಾಗಿಲು ದಾಟುವಾಗ ನಾನೂ ಒಂದಿಷ್ಟು ಸರಿದು ನಿಲ್ಲುತ್ತೇನೆ. ಯಾರಿಗೆ ದಾರಿ ಬಿಡುತ್ತಿದ್ದೇನೋ ತಿಳಿಯದು.

ಹುಷಾರಿಲ್ಲವೆಂದು ಹಾಕಿದ ರಜೆ ಮುಗಿದು ಕೆಲಸಕ್ಕೆ ಸೇರಬೇಕಾದರೆ ಮತ್ತೆ ಕಣ್ಣಿನ ಪರೀಕ್ಷೆಯಂತೆ, ದೀಪಾವಳಿ ಕಳೆದ ಮೇಲೆ. ಕನ್ನಡಕ ಈಗಲೂ ಕೂಡದು. ಇಂದ್ರಮ್ಮ ಬಲಗಣ್ಣಿಗೆ ಲೆನ್ಸ್ ಇಟ್ಟು ಅಭ್ಯಾಸ ಶುರುಮಾಡಿದ್ದಾಳೆ. ಬೇಡವೆಂದರೆ ನನಗೇ ಧೈರ್ಯ ಹೇಳುತ್ತಾಳೆ: "ಎರಡ್ ಕಣ್ಗೂ ಒಂದೇ ಬೋರ್ಡ್ ತೋರ್ಸೋದು ಕಣಣ್ಣಯ್ಯ. ಬಲಗಣ್ಣಾಗೆ ಓದ್ಬುಟ್ಟು, ಎಡಗಣ್ಗೆ ಬಾಯಿಪಾಠ ಒಪ್ಪಿಸ್ತೀನಿ." ನಿನ್ನೆಯಿಂದ ಆ ಕಣ್ಣೂ ಕೆಂಪಗಿದೆ.

ಸಾಹೇಬರೇ, ಕಾಫಿ ಕುಡಿದು ಸಹಿ ಹಾಕಿ ಹೋಗಲು ಬರಬೇಡಿ. ದೀಪಾವಳಿಗೆ ಮುಂಚೆ ಬಂದು ಆ ನಿಯಮ ತೆಗೆಸಿ, ಅವಳನ್ನು ಕನ್ನಡಕದಲ್ಲೇ ಪರೀಕ್ಷೆಗೆ ಕೂರಿಸಿ. ಲೆನ್ಸಿನ ಡಬ್ಬಿಗೆ ನಾನು ಕೈ ಹಾಕಿದರೆ, ಎಲೆಯ ಮೇಲಿನ ಅನ್ನ ಕಿತ್ತುಕೊಂಡವನಂತೆ ನನ್ನನ್ನು ನೋಡುತ್ತಾಳೆ. ನನ್ನಿಂದ ಆಗದು. ನೀವು ನಿಯಮ ಕಿತ್ತರೆ ಅವಳೇ ತೆಗೆದಿಡುತ್ತಾಳೆ.

ಇಂತಿ,
ಎರಡೂ ಕಣ್ಣು ನೆಟ್ಟಗಿದ್ದೂ ಕೆಲಸ ಸಿಗದ ಅಣ್ಣ
ವೆಂಕಟರಾಮಪ್ಪ, ಉದ್ದನಪಲ್ಲಿ