ಅಜ್ಜಿಗೆ ಒಂದು ಹಿಡಿ ಜೋಳ

ಮಾರ್ಚ್ 2

ಇವತ್ತೂ ಮಾವ ಊಟ ಮುಟ್ಟಲಿಲ್ಲ. ತಟ್ಟೆ ತುಂಬ ಬಡಿಸಿದೆ, ಬೈದೆ, ಬೇಡಿಕೊಂಡೆ... ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಡಾಕ್ಟರು “ಇನ್ನು ಆಸ್ಪತ್ರೆ ಬೇಡ, ಮನೇಲೇ ಇರ್ಲಿ” ಎಂದ ದಿನದಿಂದ ಅವರದು ಒಂದೇ ಪ್ರಶ್ನೆ: ಅಜ್ಜಿ ಚಳಿಗಾಲ ದಾಟಿದಳೋ ಇಲ್ಲವೋ?

ಅಜ್ಜಿ ಎಂದರೆ ಕೆರೆಯ ಮುದಿ ಗೆಂಡೆ ಮೀನು. ಪ್ರತಿ ವರ್ಷ ಚಳಿ ಬಿಡುವ ಹೊತ್ತಿಗೆ ಮಾವ ಅವಳನ್ನು ಗಾಳ ಹಾಕಿ ಹಿಡಿದು, ಬೆನ್ನು ಸವರಿ, ಮತ್ತೆ ನೀರಿಗೆ ಬಿಡುತ್ತಾರೆ. ತಿನ್ನುವುದಿಲ್ಲ, ಮಾರುವುದಿಲ್ಲ. ಇದೆಂಥ ಹುಚ್ಚು ಎಂದು ಮದುವೆಯಾದಾಗಿನಿಂದ ಗೊಣಗಿದವಳು ನಾನು.

ಇವತ್ತು ಬಾಯಿಗೆ ಬಂದದ್ದು ಮಾತ್ರ ಬೇರೆ: “ನಾನೇ ಹೋಗಿ ನೋಡ್ಕೊಂಡ್ ಬರ್ತೀನಿ ಬಿಡಿ ಮಾವ.”

ಮಾರ್ಚ್ 4

ಮೆಕ್ಕೆಜೋಳ ಬೇಯಿಸಿ ಕೆರೆಗೆ ಸುರಿದೆ. ಬಕೆಟ್ ಪೂರ್ತಿ. ಗಾಳ ಹಾಕಿ ಸಂಜೆವರೆಗೆ ಕೂತೆ. ಬೆಂಡು ಅಲುಗಲಿಲ್ಲ.

ಕೇಳಿ ಮಾವ ನಕ್ಕರು. ಎಷ್ಟು ದಿನವಾಗಿತ್ತು! “ಮದುವೆ ಊಟ ಹಾಕಿದ್ಯೇನಮ್ಮಾ? ತಣ್ಣೀರಲ್ಲಿ ಅವಕ್ಕೆ ಹಸಿವೇ ಇರಲ್ಲ. ದಿನಾ ಒಂದೇ ಹಿಡಿ ಹಾಕು, ಒಂದೇ ಜಾಗಕ್ಕೆ. ಪಂಪ್‌ಹೌಸ್ ಗೋಡೆ ಹತ್ರ, ಬಿಸಿಲು ಬೀಳೋ ಕಡೆ. ಆಮೇಲೆ ಸುಮ್ನೆ ಕಾಯ್ಬೇಕು.”

ಅಡುಗೆಮನೆಯಲ್ಲಿ ಅವರ ತಟ್ಟೆ ಕಂಡಿತು. ಬೆಟ್ಟದಷ್ಟು ಬಡಿಸಿದ್ದೆ. ನಾಚಿಕೆಯಾಯಿತು. ಸಣ್ಣ ಬಟ್ಟಲಲ್ಲಿ ಎರಡು ಚಮಚ ಹಾಕಿ ಅವರ ಪಕ್ಕ ಇಟ್ಟೆ. ಒತ್ತಾಯ ಮಾಡದೆ ಹೊಲಿಗೆ ಮಿಷನ್ ಮುಂದೆ ಕೂತೆ. ತಿರುಗಿ ನೋಡಿದಾಗ ಬಟ್ಟಲು ಖಾಲಿ.

ಮಾರ್ಚ್ 11

ದಿನಾ ಒಂದು ಹಿಡಿ. ದಿನಾ ಬರಿಗೈ. ಮಾವನ ದನಿ ಇಳಿಯುತ್ತಿದೆ.

ಬಸ್ ಡ್ಯೂಟಿ ಮುಗಿಸಿ ಬಂದ ನನ್ನ ಗಂಡ ಪಿಸುಗುಟ್ಟಿದರು: “ಸಿಕ್ತು ಅಂತ ಹೇಳ್ಬಿಡೇ. ಅಪ್ಪಂಗೆ ನೆಮ್ಮದಿಯಾಗುತ್ತೆ.”

ಹೇಳಿದೆ. ಮಾವನ ಮುಖ ಅರಳಿತು. “ಮೈ ಹೇಗಿತ್ತಮ್ಮ?”

“ಮೈ ತುಂಬ ಹುರುಪೆ ಮಾವ. ಫಳಫಳ ಅಂತಿತ್ತು.”

“ಹೋಗ್ಲಿ ಬಿಡಮ್ಮ” ಎಂದು ಗೋಡೆ ಕಡೆ ತಿರುಗಿದರು. ನಾನು ಎಲ್ಲಿ ತಪ್ಪಿದೆನೋ ಗೊತ್ತಾಗಲಿಲ್ಲ. ಸುಳ್ಳು ಎಂದು ಅವರಿಗೆ ಗೊತ್ತಾಯಿತು.

ಮಾರ್ಚ್ 12

ಬಟ್ಟಲು ಇಟ್ಟ ಹಾಗೇ ಇದೆ. ಹೊರಟು ನಿಂತ ಜೀವದ ಮುಂದೆ ಸುಳ್ಳಾಡಿದೆನಲ್ಲ... ಹೇಳಿಕೊಟ್ಟ ಇವರ ಮೇಲೆ ಸಿಟ್ಟು. ನನ್ನ ಮೇಲೆ ಅದಕ್ಕಿಂತ ಹೆಚ್ಚು.

ಮಾರ್ಚ್ 15, ಸಂಜೆ

ಸಿಕ್ಕಳು!

ಬೆಂಡು ಮೆಲ್ಲಗೆ ಮುಳುಗಿತು, ಅಷ್ಟೇ. ಆಮೇಲೆ ಕೋಲು ಬಿಲ್ಲಾಯಿತು, ದಾರ ಬೆರಳು ಕೊಯ್ಯಿತು. ಬಲೆಯಲ್ಲಿ ಎತ್ತಿ ಒದ್ದೆ ಗೋಣಿಯ ಮೇಲೆ ಮಲಗಿಸಿದೆ. ಮೈ ಬಹುತೇಕ ಬೋಳು, ಅವಳ ಜಾತಿಯೇ ಹಾಗಿರಬೇಕು. ಪಕ್ಕೆಯಲ್ಲಿ ಮಾತ್ರ ಅಂಗಿಗೆ ಗುಂಡಿ ಹಚ್ಚಿದಂತೆ ಒಂದೇ ಸಾಲು ಹುರುಪೆ. ಮಾವ ಯಾಕೆ ಗೋಡೆ ಕಡೆ ತಿರುಗಿದರು ಎಂದು ಆಗ ತಿಳಿಯಿತು. ನೀರಿಗಿಳಿಸಿದ ಮೇಲೂ ಒಂದು ಗಳಿಗೆ ನನ್ನ ಕೈಯಲ್ಲೇ ನಿಂತಿದ್ದಳು. ಅತ್ತುಬಿಟ್ಟೆ.

ಕೈ ತೊಳೆಯದೆ ಮನೆಗೆ ಓಡಿದೆ. “ಮಾವ, ಅವತ್ತು ಹೇಳಿದ್ದು ಸುಳ್ಳು. ಇವತ್ತು ನಿಜವಾಗ್ಲೂ ಸಿಕ್ಕಳು. ಒಂದೇ ಸಾಲು ಹುರುಪೆ, ಗುಂಡಿ ಥರ.”

ನನ್ನ ಅಂಗೈ ಹಿಡಿದು ಮೂಗಿನ ಹತ್ತಿರ ತಂದುಕೊಂಡರು. ತುಂಬ ಹೊತ್ತು ಬಿಡಲಿಲ್ಲ.

“ಬಡವಾಗಿದಾಳಾ?”

“ಸ್ವಲ್ಪ.”

“ನಾಳೆಯಿಂದ ಎರಡು ಹಿಡಿ ಹಾಕು. ನೀರು ಬೆಚ್ಚಗಾಗ್ತಿದೆ.”

ಆಮೇಲೆ ತಾವೇ ಬಟ್ಟಲಿಗೆ ಕೈ ಚಾಚಿದರು.

ಮಾರ್ಚ್ 16, ಬೆಳಿಗ್ಗೆ

ಜೋಳ ಬೇಯುತ್ತಿದೆ. ಎರಡು ಹಿಡಿ, ಮಾವ ಹೇಳಿದ ಹಾಗೆ. ಬಿಸಿಲು ಚೆನ್ನಾಗಿದೆ. ಬಟ್ಟಲಿಗೆ ಇವತ್ತು ಮೂರು ಚಮಚ ಹಾಕಿದ್ದೇನೆ. ನನ್ನದು ದುರಾಸೆ. ಆರಲಿ, ಆಮೇಲೆ ಕೊಂಡೊಯ್ಯುತ್ತೇನೆ.

ಮಾವನ ಕೋಣೆಯಿಂದ ಇವರು ಕೂಗುತ್ತಿದ್ದಾರೆ. ನನ್ನನ್ನಲ್ಲ. ಅಪ್ಪಾ, ಅಪ್ಪಾ ಎಂದು—