ಯಜಮಾನನ ಹೊದಿಕೆಗೆ ಬಿದ್ದ ಮತಗಳು

ಮಾನ್ಯ ಯುದ್ಧಮಂತ್ರಿಗಳೇ,

ಸಮುದ್ರದಾಚೆಯ ದೇಶವೊಂದಕ್ಕೆ ನಮ್ಮ ಸೇನೆಯ ಮೂಲಕ ಪ್ರಜಾಪ್ರಭುತ್ವವನ್ನು ತಲುಪಿಸುವುದಾಗಿ ತಾವು ಹೊರಡಿಸಿರುವ ಪ್ರಕಟಣೆಯನ್ನು ಓದಿದೆ. ಅದರಲ್ಲಿ ಮೂರು ಕಾಗುಣಿತದ ತಪ್ಪುಗಳಿವೆ. ಕೆಂಪು ಶಾಯಿಯಲ್ಲಿ ತಿದ್ದಿ ಮನ್ನಿಸಿದ್ದೇನೆ. ನಾಲ್ಕನೆಯ ತಪ್ಪು ‘ತಲುಪಿಸುವುದು’ ಎಂಬ ಮಾತೇ; ಅದು ಕಾಗುಣಿತದ್ದಲ್ಲ, ಮನ್ನಿಸುವಂಥದ್ದೂ ಅಲ್ಲ. ತಲುಪಿಸಲು ಹೊರಟವರಲ್ಲಿ ನನ್ನ ಮೊಮ್ಮಗಳೂ ಇದ್ದಾಳೆ. ಸೇನೆಯಲ್ಲಿ ಲಾರಿ ಓಡಿಸುತ್ತಾಳೆ. ಮುಂದಿನ ವಾರ ಅವಳ ಹಡಗು ಹೊರಡುತ್ತದೆ. ಈ ಪತ್ರದಲ್ಲಿ ಸೌಜನ್ಯ ಎಲ್ಲಿಯಾದರೂ ತುಸು ಕಡಿಮೆಯಾಗಿ ಕಂಡರೆ ಕಾರಣ ಇದೇ.

ಪ್ರಜಾಪ್ರಭುತ್ವವನ್ನು ಹೊರಗಿನಿಂದ ಹೊತ್ತೊಯ್ದು ಇಳಿಸಬಹುದೇ ಎಂಬುದು ತಮಗೆ ಸಿದ್ಧಾಂತದ ಪ್ರಶ್ನೆ ಇರಬಹುದು. ನಮ್ಮ ಕಟ್ಟಡದವರಿಗೆ ಅದು ಅನುಭವ. ಮೇಲ್ಛಾವಣಿಯ ಉಸ್ತುವಾರಿಗೆ ನಾವು ಪ್ರತಿವರ್ಷ ಒಬ್ಬರನ್ನು ಆರಿಸುತ್ತಿದ್ದೆವು. ಅಭ್ಯರ್ಥಿಗೊಂದು ಬಟ್ಟೆಯ ಹಗ್ಗ, ಮನೆಗೊಂದು ಕ್ಲಿಪ್ಪು. ಯಾರ ಹಗ್ಗಕ್ಕೆ ಹೆಚ್ಚು ಕ್ಲಿಪ್ಪು ಬೀಳುವುದೋ ಅವರ ಗೆಲುವು. (ಕ್ಲಿಪ್ಪು ಎನ್ನಲು ನನಗೂ ಸಂಕೋಚವೇ. ಆದರೆ ಅದಕ್ಕೆ ನಾನು ಕಟ್ಟಿಕೊಟ್ಟ ಸಂಸ್ಕೃತ ಪದ ಬಟ್ಟೆಗಿಂತ ಉದ್ದವಾಗಿದೆಯೆಂದು ಮನೆಯಲ್ಲಿ ಎಲ್ಲರೂ ನಕ್ಕರು.) ಹಿಂಬದಿಯ ಕಟ್ಟಡದಲ್ಲಿ ಹೀಗಿರಲಿಲ್ಲ. ಅಲ್ಲಿ ಎಲ್ಲರೂ ಯಜಮಾನ ಎಂದು ಕರೆಯುತ್ತಿದ್ದ ಒಬ್ಬಾತನ ಸೊಂಟದಲ್ಲಿ ನೀರಿನ ತೊಟ್ಟಿಯ ಬೀಗದ ಕೈ ತೂಗುತ್ತಿತ್ತು. ನಮಸ್ಕರಿಸಿದವರ ನಲ್ಲಿಯಲ್ಲಿ ನೀರು, ಮರೆತವರ ನಲ್ಲಿಯಲ್ಲಿ ಗಾಳಿ. ಅಲ್ಲಿನ ಹೊಲಿಗೆಯಾಕೆ ಒಂದು ದಿನ ಗೋಡೆಯಾಚೆಯಿಂದ ನಮ್ಮವರಲ್ಲಿ ದುಃಖ ತೋಡಿಕೊಂಡಳು. ನಮಗೆ ಅಷ್ಟೇ ಸಾಕಾಯಿತು.

ನಮ್ಮ ಮೂರನೆಯ ಮಹಡಿಯ ಪೈಲ್ವಾನ ಕಬ್ಬಿಣದ ಸಲಾಕೆಗಳನ್ನು ಹಂಚಿದ. ವಿಮೋಚನಾ ಪತ್ರವನ್ನು ನಾನು ಬರೆದೆ. ಅದರಲ್ಲಿ ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲ. ಬೀಗದ ಕೈ ಕಸಿಯುವ ಎಳೆದಾಟದಲ್ಲಿ ಯಜಮಾನನ ಕೈ ಮುರಿಯಿತು. ಮರುದಿನ ಅವರ ಮೇಲ್ಛಾವಣಿಯಲ್ಲಿ ನಮ್ಮದೇ ಹಗ್ಗಗಳನ್ನು ಬಿಗಿದು, ನಮ್ಮದೇ ಕ್ಲಿಪ್ಪುಗಳನ್ನು ಹಂಚಿ, ಸಲಾಕೆ ಹಿಡಿದ ನಾಲ್ವರನ್ನು ಬಾಗಿಲಲ್ಲಿ ನಿಲ್ಲಿಸಿ, ಇನ್ನು ನಿರ್ಭಯವಾಗಿ ಮತ ಚಲಾಯಿಸಿರೆಂದು ಘೋಷಿಸಿದೆವು. ಯಜಮಾನನಿಗೆ ಹಗ್ಗ ಕಟ್ಟಿರಲಿಲ್ಲ. ಪೀಡಕನಿಗೆ ಹಗ್ಗವೇಕೆ?

ಅವರೆಲ್ಲ ಸಾಲಾಗಿ ಬಂದರು. ಹಗ್ಗಗಳನ್ನು ದಾಟಿ ಮೂಲೆಗೆ ನಡೆದರು. ಅಲ್ಲಿ ಗೋಡೆಯ ಮೇಲೆ ಯಜಮಾನನ ಹಳೆಯ ಹೊದಿಕೆಯೊಂದು ಒಣಗುತ್ತಿತ್ತು. ಒಬ್ಬೊಬ್ಬರಾಗಿ ತಮ್ಮ ಕ್ಲಿಪ್ಪನ್ನು ಅದಕ್ಕೆ ಸಿಕ್ಕಿಸಿ ಇಳಿದು ಹೋದರು. ಕೊನೆಯವಳು ಆ ಹೊಲಿಗೆಯಾಕೆಯೇ. ನಾನು ದಿಗ್ಭ್ರಮೆಯಿಂದ ನೋಡಿದಾಗ ಆಕೆ ಸಮಾಧಾನವಾಗಿಯೇ ಹೇಳಿದಳು: “ನಾನು ನೀರು ಕೇಳಿದ್ದೆ ಮೇಷ್ಟ್ರೇ, ನಿಮ್ಮನ್ನ ಕೇಳಿರಲಿಲ್ಲ. ಅವನು ನಮ್ಮ ಮನೆ ಪೀಡೆ. ನೀವು ಪಕ್ಕದ ಮನೆಯವರು.”

ನಾವು ಬೀಗದ ಕೈಯನ್ನು ಹಿಂದಿರುಗಿಸಿ ಬಂದೆವು. ಪೈಲ್ವಾನ ಮಾತ್ರ ಸಲಾಕೆಗಳನ್ನು ಕೆಳಗಿಡಲಿಲ್ಲ. ಹಿಂಬದಿಯವರು ಸೇಡು ತೀರಿಸಿಕೊಳ್ಳಲು ಬಂದರೆ ಎಂಬ ನೆಪದಲ್ಲಿ ನಮ್ಮ ಮೇಲ್ಛಾವಣಿಗೇ ಬೀಗ ಜಡಿದ. ಭದ್ರತೆಯ ದೃಷ್ಟಿಯಿಂದ ಆ ವರ್ಷದ ಚುನಾವಣೆ ಮುಂದಕ್ಕೆ ಹೋಯಿತು. ಇಂದಿಗೂ ಮುಂದಕ್ಕೆ ಹೋಗುತ್ತಲೇ ಇದೆ. ಅತ್ತ ಕೆಲವು ವರ್ಷಗಳ ಮೇಲೆ ಹೊಲಿಗೆಯಾಕೆ ಒಂದು ಬೆಳಿಗ್ಗೆ ಖಾಲಿ ಬಕೆಟ್ಟಿನೊಂದಿಗೆ ಯಜಮಾನನ ಬಾಗಿಲಲ್ಲಿ ಕುಳಿತಳು. ಮಧ್ಯಾಹ್ನದ ಹೊತ್ತಿಗೆ ಇಡೀ ಕಟ್ಟಡ ಬಕೆಟ್ಟು ಹಿಡಿದು ಕುಳಿತಿತ್ತು. ಸಂಜೆ ಯಜಮಾನನ ಹೆಂಡತಿಯೇ ಬೀಗದ ಕೈ ತಂದು ಆಕೆಯ ಮಡಿಲಿಗೆ ಹಾಕಿದಳು. ಈಗ ಅವರಲ್ಲಿ ಪ್ರತಿವರ್ಷ ಚುನಾವಣೆ. ಮೊನ್ನೆ ಹೊಲಿಗೆಯಾಕೆ ಗೋಡೆಯಾಚೆಯಿಂದ ಇಣುಕಿ ವಿಚಾರಿಸಿದಳು: “ಏನ್ ಮೇಷ್ಟ್ರೇ, ನಿಮ್ಮನ್ನ ಬಿಡಿಸೋಕೆ ನಾವು ಬರೋಣ್ವಾ?”

ಸೇನೆಯ ಬೆನ್ನಹಿಂದೆಯೇ ಪ್ರಜಾಪ್ರಭುತ್ವ ಬಂದು ಬೇರೂರಿದ ದೇಶಗಳೂ ಇವೆಯೆಂದು ತಮ್ಮ ಸಲಹೆಗಾರರು ಹೇಳಬಹುದು. ಇರಬಹುದು. ಆದರೆ ಅಲ್ಲಿ ಬೇರು ಬಿಟ್ಟದ್ದು ಸೇನೆಯೋ, ಮೊದಲೇ ನೆಲದಲ್ಲಿದ್ದ ಬೀಜವೋ? ಬಂದೂಕಿಗೆ ಯಜಮಾನನ ಕೈ ಮುರಿಯಲು ಬರುತ್ತದೆ, ಒಪ್ಪಿದೆ; ಪಕ್ಕದ ಬಾಗಿಲಿನವರೊಡನೆ ಬಕೆಟ್ಟು ಹಿಡಿದು ಕೂರುವ ಧೈರ್ಯವನ್ನು ಅದು ಯಾವ ಪೆಟ್ಟಿಗೆಯಲ್ಲಿ ಹೊತ್ತು ತರುತ್ತದೆ? ಅಂದಹಾಗೆ, ಈ ಯುದ್ಧ ಬೇಕೇ ಎಂದು ತಾವು ನಮ್ಮ ಜನಪ್ರತಿನಿಧಿಗಳ ಸಭೆಯನ್ನೂ ಕೇಳಲಿಲ್ಲವಲ್ಲ? ಮನೆಯಲ್ಲಿ ಬಳಸದ ಸರಕನ್ನು ರಫ್ತು ಮಾಡುವ ಉದಾರತೆ ನನಗೆ ಪೈಲ್ವಾನನನ್ನೇ ನೆನಪಿಸುತ್ತದೆ.

ನಿನ್ನೆ ಮೊಮ್ಮಗಳು ಬೂಟಿಗೆ ಪಾಲಿಶ್ ಹಚ್ಚುತ್ತಿದ್ದಳು. ಅಲ್ಲಿಯವರು ನಮ್ಮನ್ನು ಕರೆದಿದ್ದಾರೆಯೇ ಎಂದು ಕೇಳಿದಳು. ಮಂತ್ರಿಗಳು ಹಾಗೆನ್ನುತ್ತಾರೆ ಎಂದೆ. ಅವಳು ಬ್ರಷ್ಷನ್ನು ಕೆಳಗಿಟ್ಟಳು. “ತಾತ, ಹೊಲಿಗೆ ಆಂಟಿ ಥರ ಯಾರಾದ್ರೂ ದಾರಿಗೆ ಅಡ್ಡ ಬಂದು ನಿಂತ್ರೆ, ಲಾರಿ ನಿಲ್ಲಿಸ್ಲಾ, ಓಡಿಸ್ಲಾ?”

ಜೀವನವಿಡೀ ಅನ್ಯರ ವಾಕ್ಯಗಳನ್ನು ತಿದ್ದಿದ ನಾನು ಅವಳ ವಾಕ್ಯವನ್ನು ತಿದ್ದದೆ ಇದ್ದ ಹಾಗೆಯೇ ತಮಗೆ ಬರೆದಿದ್ದೇನೆ; ಅದಕ್ಕೆ ಉತ್ತರಿಸಬೇಕಾದವರು ತಾವು. ಆದ್ದರಿಂದ ನನ್ನ ಬೇಡಿಕೆ ಇಷ್ಟೇ: ಅವಳ ಪ್ರಶ್ನೆಗೆ ತಾವು ಸ್ವಹಸ್ತದಿಂದ ಉತ್ತರ ಬರೆದು ಸಹಿ ಹಾಕಿ ಪ್ರಕಟಿಸಬೇಕು. ಆಮೇಲೆ ಯುದ್ಧದ ವಿಷಯವನ್ನು ನಮ್ಮ ಸಭೆಯಲ್ಲಿ ಮತಕ್ಕೆ ಹಾಕಬೇಕು. ಅಲ್ಲಿಯವರೆಗೆ ಹಡಗು ದಡದಲ್ಲೇ ಇರಲಿ, ಮೊಮ್ಮಗಳು ಮನೆಯಲ್ಲೇ ಇರಲಿ. ಮತದಾನಕ್ಕೆ ಹಗ್ಗವೂ ಕ್ಲಿಪ್ಪೂ ಬೇಕಾದರೆ ನಮ್ಮಲ್ಲಿ ಬಿದ್ದಿವೆ. ಬಹಳ ಕಾಲದಿಂದ ಅವಕ್ಕೆ ಕೆಲಸವಿಲ್ಲ.

ಇಂತಿ,
ತನ್ನ ಮೇಲ್ಛಾವಣಿಯನ್ನೇ ಹತ್ತಲಾಗದ ವಿಮೋಚಕ,
ಲಾರಿ ಚಾಲಕಿಯೊಬ್ಬಳ ತಾತ